ಸಿಮ್ ಬ್ಯಾಡ ಅಂದಾಕಿ

ನಮ್ಮ ಮನ್ಯಾಗ ಟ್ಯಾಬಿನ ಮಾತು ಹುಟ್ಟಿದ್ದು ಅತ್ತೆರ ಕಾಲ ಹುಣ್ಣು ತೊಳಿಯೂ ಮುಂದ. ನಮ್ಮತ್ತಿ ಗುರುಬಾಯಿಗೆ ಸಕ್ಕರಿ ಜಡ್ಡು. ಬಲಗಾಲ ಹೆಬ್ಬೆರಳಿನ ಬಾಜೂಕ ಹುಣ್ಣಾಗಿ ಎರಡ ವರ್ಷ ಆತು, ಮಾಯೂದ ಇಲ್ಲ. ದಿನಾ ಮುಂಜಾನೆ ಅದನ್ನ ತೊಳದು, ಮಲಾಮ ಹಚ್ಚಿ, ಪಟ್ಟಿ ಸುತ್ತೂದು ನನ್ನ ಮಗಳು ಪ್ರಣಿತಾನ ಕೆಲಸ. ನಾ ಕಟ್ಟಾಕ ಹೋದ್ರ ಅತ್ತೆರು ಕಾಲ ಹಿಂದಕ್ಕ ಎಳಕೊಂತಾರ.

"ನೀ ಕಟ್ಟೂದು ಕುರಿ ಕಾಲ ಕಟ್ಟಿದಂಗ. ನನ್ನ ಮೊಮ್ಮಗಳ ಬರ್ಲಿ," ಅಂತಾರ.

ಅವತ್ತು ಪಟ್ಟಿ ಸುತ್ಕೊಂತನ ಪ್ರಣಿತಾ ಅಂದ್ಳು: "ಆಯಿ, ನಾ ನರ್ಸಿಂಗ್ ಪರೀಕ್ಷಾ ಪಾಸ್ ಆಗೀನಿ. ಇನ್ನ ಫಾರ್ಮು, ಲಿಸ್ಟು, ಎಲ್ಲಾ ಆನ್‌ಲೈನ್ ಇರ್ತೈತಿ. ನಂದು ಮರಾಠಿ ಸಾಲಿ, ಅಲ್ಲಿ ಎಲ್ಲಾ ಇಂಗ್ಲಿಷು. ವಿಡಿಯೋ ನೋಡಿ ಈಗಿಂದ ಕಲೀಬೇಕು. ನನಗೊಂದ ಟ್ಯಾಬ್ ಕೊಡಸ್ರಿ."

"ಟ್ಯಾಬ್ ಅಂದ್ರ?"

"ದೊಡ್ಡ ಫೋನ್ ಇದ್ದಂಗ, ಆಯಿ."

"ಫೋನು!" ಅತ್ತೆರು ಕಾಲ ಕಸಕೊಂಡ್ರು. "ಓಣ್ಯಾಗ ಮುಕ್ತಾಬಾಯಿ ಮಗಳು ಫೋನಿನ್ಯಾಗ ಮಾತಾಡಿ ಮಾತಾಡಿ ಯಾವನ ಹಿಂದೋ ಓಡಿಹೋಗಿ ಇನ್ನಾ ವರ್ಷ ಆಗಿಲ್ಲ. ನಮ್ಮ ಮನ್ಯಾಗ ಹುಡುಗಿ ಕೈಗೆ ಫೋನ್ ಬ್ಯಾಡ ಅಂದ್ರ ಬ್ಯಾಡ."

ಅತ್ತೆರ ಮನಸನ್ಯಾಗ ಏನಿತ್ತು ಅನ್ನೂದು ನಮಗೆಲ್ಲಾ ಗೊತ್ತಿತ್ತು. ಅವರ ತವರಮನಿ ಭಂಡಾರಕವಠೆ. ಅವರ ತಮ್ಮನ ಮಗ ಸಿದ್ಧರಾಮ, ಅವನ ಮಗ ಯೋಗಿರಾಜ. ಹುಡುಗ ಕೆಟ್ಟವನೇನಲ್ಲ, ನಾಕ ಎಕರೆ ಕಬ್ಬು ಐತಿ, ಸಕ್ಕರಿ ಕಾರಖಾನ್ಯಾಗ ನೌಕರಿ ಐತಿ. ಎರಡ ವರ್ಷದಿಂದ ಪ್ರಣಿತಾನ್ನ ಕೇಳಾಕತ್ತಿದ್ರು. ಅತ್ತೆರು ಆಗ್ಲಿ ಅಂದಿದ್ರು, ನಮ್ಮ ಮನಿಯವ್ರು ಅಂಬಾದಾಸ "ನೋಡೂಣು" ಅಂತ ಅಂದಕೋತ ದಿನಾ ನೂಕಿದ್ರು.

ಅವತ್ತು ರಾತ್ರಿ ಉಣ್ಣಾಕ ಕುಂತಾಗ ಇದ ಮಾತು ಮತ್ತ ಎದ್ದಿತು.

"ಅವ್ವಾ, ಹುಡುಗಿ ಶಾಣ್ಯಾ ಅದಾಳ. ಒಂದ ಸಲ ನೋಡೂಣು ಬಿಡು," ಅಂದ್ರು ನಮ್ಮ ಮನಿಯವ್ರು.

"ನೋಡೂಣು ನೋಡೂಣು ಅಂದು ಹುಡುಗಿಗೆ ಹತ್ತೊಂಬತ್ತ ಆದುವು. ಸಿದ್ಧರಾಮ ಇನ್ನೆಷ್ಟ ದಿನ ಕಾಯಬೇಕು?"

ತಾಯಿ ಮಗ ಭಾಳ ಹೊತ್ತು ವಾದಾಡಿದ್ರು. ಕಡೀಕ ಅತ್ತೆರು ಕುಂಟಿಕೋತ ಎದ್ದು ದೇವರ ಜಗಲಿಗೆ ಹೋದ್ರು. ಮನಿದೇವ್ರು ಬೀರಪ್ಪನ ಮುಂದ ಇಟ್ಟ ಬಟ್ಟಲದಾಗಿಂದ ಒಂದ ಮುಷ್ಟಿ ಭಂಡಾರ, ಅಂದ್ರ ದೇವರ ಅರಿಷಿಣ, ಎತ್ತಿದ್ರು. ನಮ್ಮ ಮಂದ್ಯಾಗ ಭಂಡಾರ ಎತ್ತಿ ಆಡಿದ ಮಾತು ತಿರುಗಿ ತಗೊಳ್ಳೂದಿಲ್ಲ. ಜೀವ ಹೋದ್ರೂ ಇಲ್ಲ.

"ತುಳಸಿ ಲಗ್ನದೊಳಗ ಸೀಟ್ ಬಂದ್ರ ಓದಾಕ ಹೋಗ್ಲಿ. ನಾ ಅಡ್ಡ ಬರಂಗಿಲ್ಲ, ಸಿದ್ಧರಾಮಗ ನಾನ ಹೇಳ್ತೀನಿ. ಬರ್ಲಿಲ್ಲ ಅಂದ್ರ ಭಂಡಾರಕವಠೆಗೆ ಕೊಡೂದು. ಬೀರಪ್ಪನ ಆಣಿ."

ಪ್ರಣಿತಾ ನಗಾಕತ್ತಿದ್ಳು. ಆಕಿಗೆ ಗೆದ್ದಂಗ ಆಗಿತ್ತು. ಪರೀಕ್ಷಾದಾಗ ಮಾರ್ಕ್ಸ್ ಚಲೋ ಬಿದ್ದಿದ್ದುವು, ಸೀಟ್ ಬರೂದ ಬರೂದು ಅಂತ ಆಕಿಗೆ ಖಾತ್ರಿ ಇತ್ತು.

"ಮತ್ತ ಟ್ಯಾಬ್, ಆಯಿ?"

"ತಗೋ ಹೋಗ. ಆದ್ರ ಅದರಾಗ ಸಿಮ್ ಇರಬಾರದು. ಯಾವನದೂ ಫೋನ್ ಬರಬಾರದು."

*

ಟ್ಯಾಬ್ ತರಾಕ ನಮ್ಮ ಕರಜಗಿಯಿಂದ ಸೋಲಾಪುರಕ್ಕ ಹೋದವ್ರು ಮೂರ ಮಂದಿ: ನಾನು, ಪ್ರಣಿತಾ, ನಮ್ಮ ಮಾವಾರು ಗೊಲ್ಲಾಳಪ್ಪ. ಮಾವಾರು ಡೊಳ್ಳಿನ ಹಾಡಕ್ಯಾಗ ಹೆಸರ ಮಾಡಿದವ್ರು. ಈಗ ಹಲ್ಲ ಬಿದ್ದು ಹಾಡಾಕ ಬರಂಗಿಲ್ಲ, ಕಿವೀನೂ ಮಂದ. ಟ್ಯಾಬ್ ಅಂದ್ರ ಹಾಡು ಕೇಳೂ ಪೆಟಿಗಿ ಅಂತ ಅವ್ರು ತಿಳಕೊಂಡು ಮುಂಜಾನಿಂದ ರುಮಾಲ ಸುತ್ತಿ ತಯಾರಾಗಿ ಕುಂತಿದ್ರು. ಬ್ಯಾಡ ಅಂದ್ರ ಕೇಳಬೇಕಲ್ಲ!

ನನ್ನ ಹಿರೀ ಮಗ ಆಕಾಶ ಸೋಲಾಪುರದಾಗ ರಾಚಪ್ಪ ಸಾವಕಾರ್ರ ಚಾದರದ ಅಂಗಡ್ಯಾಗ ಕೆಲಸಕ್ಕ ಅದಾನ. ಅಲ್ಲೇ ನಾಕ ಹುಡುಗರ ಕೂಡಿ ಖೋಲಿ ಹಿಡದಾನ. ಒಂದ ತಾಸು ಸೂಟಿ ಕೇಳಿ ಬಂದು ನಮ್ಮನ್ನ ನವೀ ಪೇಠ್ಯಾಗ ಶಾಂತಲಿಂಗಪ್ಪನವ್ರ ಮೊಬೈಲ್ ಅಂಗಡಿಗೆ ಕರಕೊಂಡು ಹೋದ.

"ಬರ್ರಿ ಅಕ್ಕಾರ, ಕುಂದರ್ರಿ. ಅಜ್ಜಾರಿಗೆ ಕುರ್ಚಿ ಕೊಡ್ರೋ," ಅಂದ್ರು ಶಾಂತಲಿಂಗಪ್ಪ. "ಟ್ಯಾಬ್ ಯಾತಕ್ಕ ಬೇಕ್ರಿ? ಸಿನಿಮಾ ನೋಡಾಕೋ, ಅಭ್ಯಾಸಕ್ಕೋ?"

"ಹಾಡಿಗಿ," ಅಂದ್ರು ಮಾವಾರು.

"ಅಭ್ಯಾಸಕ್ಕರಿ," ಅಂದ್ಳು ಪ್ರಣಿತಾ.

ಶಾಂತಲಿಂಗಪ್ಪ ನಕ್ಕು ಎರಡ ಟ್ಯಾಬ್ ಮುಂದಿಟ್ರು. ನೋಡಾಕ ಎರಡೂ ಒಂದ ನಮೂನಿ, ರೊಟ್ಟಿ ಕಲ್ಲಿನಷ್ಟು ಅಗಲ.

"ಎರಡರದೂ ಪಡದೆ ಚಲೋ ಐತಿ, ಆವಾಜ್ ಚಲೋ ಐತಿ. ಈ ಬಜೆಟ್ಟಿನ್ಯಾಗ ಇದಕ್ಕಿಂತ ಚಲೋದು ಸಿಗಂಗಿಲ್ರಿ. ಆದ್ರ ಒಂದ ಫರಕ್ ಐತಿ. ಇದರಾಗ ಸಿಮ್ ಕುಂದರ್ತೈತಿ. ಇನ್ನೊಂದರಾಗ ಸಿಮ್ಮಿಗೆ ಜಾಗಾನ ಇಲ್ಲ, ಬರೇ ವಾಯ್‌ಫಾಯ್ ಮ್ಯಾಲ ನಡೀತೈತಿ. ಅದಕ್ಕ ಮೂರ ಸಾವಿರ ಕಮ್ಮಿ. ಮನ್ಯಾಗ ವಾಯ್‌ಫಾಯ್ ಐತೇನ್ರಿ ಅಕ್ಕಾರ?"

"ಐತ್ರಿ," ಅಂದೆ. "ನಮ್ಮ ಮನಿಯವ್ರ ಫೋನಿನ್ಯಾಗ ಐತಿ."

"ಅದು ಹಾಟ್‌ಸ್ಪಾಟ್ ಆತ್ರಿ. ಅವ್ರು ಮನ್ಯಾಗ ಇದ್ರ ನಡೀತೈತಿ. ಮನ್ಯಾಗ ಇರ್ತಾರೇನು?"

"ಇರ್ತಾರ್ರಿ. ಎಲ್ಲಿ ಹೋಗ್ತಾರ?"

ನೋಡ್ರಿ, ಈ ಮಾತ ನನ್ನ ಬಾಯಾಗ ಬಂದಿದ್ದು. ಅದು ಆಷಾಢ. ಮಳಿಗಾಲದಾಗ ನಮ್ಮ ಕುರಿ ಊರ ಸುತ್ತಮುತ್ತ ಮೇಯ್ತಾವ, ಸಂಜಿಗೆ ದಡ್ಡಿಗೆ ಬರ್ತಾವ. ಅವ್ರೂ ದಿನಾ ಮನಿಗೆ ಬರಾಕತ್ತಿದ್ರು. ದಸರಾ ಆದ ಮ್ಯಾಲ ಹಿಂಡು ಹೊಡಕೊಂಡು ಭೀಮಾ ನದಿ ಕಡೆ ಹೋದವ್ರು ಮತ್ತ ಮೃಗಶಿರಾಕ್ಕ ತಿರುಗಿ ಬರೂದು. ಕಬ್ಬಿನ ಹೊಲದಾಗ ರಾತ್ರಿ ಕುರಿ ತರಬಿ ನಿಲ್ಲಿಸಿ ಹಿಕ್ಕಿ ಗೊಬ್ಬರ ಹಾಕಿಸಿದ್ರ ಹೊಲದವ್ರು ಜ್ವಾಳ ಕೊಡ್ತಾರ, ರೊಕ್ಕ ಕೊಡ್ತಾರ, ಅದ ನಮ್ಮ ವರ್ಷದ ಅನ್ನ. ಇಪ್ಪತ್ತೆರಡ ವರ್ಷದಿಂದ ದರ ದಸರಾಕ್ಕ ಅವರಿಗೆ ಬುತ್ತಿ ಕಟ್ಟಿ ಕಳಸಾಕಿ ನಾನ. ಆ ಅಂಗಡಿ ಥಂಡ ಗಾಳ್ಯಾಗ ಕುಂತಾಗ ನನಗದು ನೆನಪಿಗೆ ಬರ್ಲಿಲ್ಲ.

"ಅವ್ವಾ, ಸಿಮ್ ಇದ್ದದ್ದ ತಗೋ," ಅಂದ ಆಕಾಶ. "ಮೂರ ಸಾವಿರ ನಾ ಕೊಡ್ತೀನಿ. ಪಗಾರ ಆಗೈತಿ."

"ರೊಕ್ಕದ ಮಾತಲ್ಲೋ. ಸಿಮ್ ಇದ್ದದ್ದು ಮನಿಗೆ ಒಯ್ದ್ರ ಆಯಿ ಮನಿ ತಲಿ ಮ್ಯಾಲ ಎತ್ತತಾಳ."

"ಆಯಿಗೆ ಏನ ತಿಳೀತೈತಿ? ಒಯ್ದು ಸಿಮ್ ಹಾಕದ ಇಟ್ಟರಾತು."

"ಸುಳ್ಳು ಹೇಳ್ಲೇನು ಆಕಿಗೆ?"

ಪ್ರಣಿತಾ ನನ್ನ ಸೀರಿ ಸೆರಗ ಹಿಡದು ಸಣ್ಣಗೆ ಅಂದ್ಳು, "ಅವ್ವಾ, ಸಿಮ್ ಇದ್ದದ್ದ..." ನಾ ಆಕಿ ಕಡೆ ಕಣ್ಣ ಕೆಂಪ ಮಾಡಿ ನೋಡಿದೆ. ಆಕಿ ಸೆರಗ ಬಿಟ್ಳು. ಹುಡುಗಿ ಸಿಮ್ ಸಿಮ್ ಅಂದ್ರ ನನಗೂ ಒಳಗ ಹೆದರಿಕಿ ಆಗಿತ್ತು ಅಂತ ಈಗ ಹೇಳ್ತೀನಿ. ಮುಕ್ತಾಬಾಯಿ ಮಗಳ ಹೆಸರು ನನ್ನ ಕಿವ್ಯಾಗೂ ಇತ್ತು.

"ಸಿಮ್ ಬ್ಯಾಡ್ರಿ. ಕಮ್ಮೀದು ಕೊಡ್ರಿ," ಅಂದೆ.

ಉಳಿದ ರೊಕ್ಕದಾಗ ಮಾವಾರಿಗೊಂದ ಸಣ್ಣ ಸ್ಪೀಕರ್, ಹಾಡು ತುಂಬಸಾಕ ಒಂದ ಮೆಮೊರಿ ಕಾರ್ಡ್ ತಗೊಂಡೆ. ಆಕಾಶ ನಮ್ಮನ್ನ ಬಸ್ ಹತ್ತಿಸಿ ತಿರುಗಿ ನೋಡದ ಹೊಂಟ ಹೋದ.

*

ಮಳಿಗಾಲದ ನಾಕ ತಿಂಗಳು ನಮ್ಮ ಮನಿ ನೋಡಬೇಕಿತ್ತು! ಸಂಜಿಗೆ ನಮ್ಮ ಮನಿಯವ್ರು ಕುರಿ ಕೂಡಿಹಾಕಿ, ಕಂಬಳಿ ಝಾಡಿಸಿ ಒಳಗ ಬಂದ್ರಂದ್ರ ಎಲ್ಲಾರೂ ಅವರ ಮಾರಿ ನೋಡೂದು ಬಿಟ್ಟು ಅಂಗಿ ಕಿಸೆ ನೋಡೋರು.

"ಅಪ್ಪಾ, ನೆಟ್ ಚಾಲೂ ಮಾಡು."

"ಒಂದ ಗ್ಲಾಸ್ ನೀರರ ಕೊಡ್ರಬೇ ಮೊದಲ!"

ಮೊದಲ ಮಾವಾರ ಡೊಳ್ಳಿನ ಪದ. ಆಮ್ಯಾಲ ಅತ್ತೆರ ಮರಾಠಿ ಸೀರಿಯಲ್. ಫೋನ್ ಬ್ಯಾಡ, ಗೀನ್ ಬ್ಯಾಡ ಅಂದಾಕಿ ಕಾಲ ಚಾಚಿ ಕುಂತು, "ಈ ಸೊಸಿ ಎಷ್ಟ ಹಾಳಾಗಿರಬೇಕು," ಅಂತ ಪಡದೆದಾಗಿನ ಸೊಸಿಗೆ ಬೈಯಾಕಿ. ಎಲ್ಲಾರದೂ ಮುಗದ ಮ್ಯಾಲ ಪ್ರಣಿತಾನ ಪಾಳಿ. ಅಷ್ಟೊತ್ತಿಗೆ ಅವತ್ತಿನ ನೆಟ್ ತೀರಿರೂದು.

"ಆಯಿ, ಎಲ್ಲಾ ನಿಮ್ಮ ಸೀರಿಯಲ್ ನುಂಗಿತು!"

"ಮುಂಜಾನೆ ಬೇಗ ಎದ್ದು ನೋಡಬೇಕು. ಎಂಟಕ್ಕ ಏಳಾಕಿಗೆ ಯಾವ ನೆಟ್ಟು?"

ಎಂಟಕ್ಕ ಏಳಾಕಿ ಅಲ್ಲ ಆಕಿ. ಐದಕ್ಕ ಎದ್ದು, ಅಪ್ಪ ಕುರಿ ಬಿಡೂದರಾಗ ಒಂದೂವರಿ ತಾಸು ಟ್ಯಾಬ್ ಮುಂದ ಕುಂದರ್ತಿದ್ಳು. ರಕ್ತ ಹ್ಯಾಂಗ ಹರೀತೈತಿ, ಸೂಜಿ ಎಲ್ಲಿ ಚುಚ್ಚಬೇಕು ಅಂತ ಇಂಗ್ಲಿಷಿನ್ಯಾಗ ಬಾಯಿಪಾಠ ಮಾಡಾಕಿ. ಒಂದ ದಿನ ನನ್ನ ಕೈ ಹಿಡದು ನಾಡಿ ಎಣಿಸಿ, "ಅವ್ವಾ, ನಿನಗ ರಕ್ತ ಕಮ್ಮಿ ಐತಿ, ಬೆಲ್ಲಾ ಶೇಂಗಾ ತಿನ್ನು," ಅಂದ್ಳು. ನಾ ನಕ್ಕೆ. ಖರೇ ಅಂದ್ರ ನನಗ ಭಾಳ ಖುಷಿ ಆಗಿತ್ತು.

ಶ್ರಾವಣದಾಗ ಅಕ್ಕಲಕೋಟಕ್ಕ ಹೋಗಿ ಆನ್‌ಲೈನ್ ಸೆಂಟರಿನ್ಯಾಗ ಫಾರ್ಮ್ ತುಂಬಿದ್ವಿ. ಸೆಂಟರ್ ನಡಸೂ ಅಮೋಗಸಿದ್ಧ ನಮ್ಮ ಪೈಕಿಯವ.

"ಮೊಬೈಲ್ ನಂಬರ್ ಯಾರದು ಹಾಕ್ಲಿ?"

"ಅಪ್ಪಂದು ಹಾಕ್ರಿ," ಅಂದ್ಳು ಪ್ರಣಿತಾ. ಮನ್ಯಾಗಿದ್ದ ಗುಂಡಿ ಫೋನಿಗೆ ರಿಚಾರ್ಜ್ ಇದ್ರ ಇತ್ತು, ಇಲ್ಲಂದ್ರ ಇಲ್ಲ. ಅಪ್ಪನ ನಂಬರ ಕಾಯಮ್ ಇರೂದು.

ಮೊದಲನೇ ಲಿಸ್ಟಿನ್ಯಾಗ ಆಕಿ ಹೆಸರು ಬರ್ಲಿಲ್ಲ. "ಸ್ವಲ್ಪದರಾಗ ತಪ್ಪೈತಿ, ಅವ್ವಾ. ಎರಡನೇದರಾಗ ಬಂದ ಬರ್ತೈತಿ," ಅಂದ್ಳು.

*

ದಸರಾ ಆತು. ನಮ್ಮ ಮನಿಯವ್ರು ಹಿಂಡು ಬಿಡಾಕ ತಯಾರಾದ್ರು. ನಾ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಾಕತ್ತಿದ್ದೆ. ಪ್ರಣಿತಾ ಬಂದು ಅಪ್ಪನ ಮುಂದ ನಿಂತ್ಳು.

"ಅಪ್ಪಾ, ಫೋನ್ ಬಿಟ್ಟು ಹೋಗು."

"ಫೋನ್ ಬಿಟ್ಟು? ಮತ್ತ ನಾ?"

"ಗುಂಡಿ ಫೋನ್ ಒಯ್ಯಿ. ನೀ ಹೋದ್ರ ನೆಟ್ ಹೋಗ್ತೈತಿ. ಟ್ಯಾಬ್ ನಡಿಯಂಗಿಲ್ಲ. ಎರಡನೇ ಲಿಸ್ಟ್ ಬರೂದೈತಿ."

ಆಗ ನನ್ನ ಕೈ ಬುತ್ತಿ ಮ್ಯಾಲ ಹಂಗ ನಿಂತಿತು. ಶಾಂತಲಿಂಗಪ್ಪ ಕೇಳಿದ್ದು ಏನು ಅಂತ ಆಗ ತಿಳೀತು ನನಗ. ತಿಳದು ಏನ ಮಾಡ್ಲಿ?

"ಹೊಲದವ್ರೆಲ್ಲಾ ಈ ನಂಬರಿಗೇ ಫೋನ್ ಮಾಡ್ತಾರವ್ವಾ," ಅಂದ್ರು ಅವ್ರು. "ರಾತ್ರಿ ಕುರಿ ಎಣಸಾಕ ಬ್ಯಾಟರಿ ಇದರಾಗ ಐತಿ. ಹೋದ ವರ್ಷ ಕಳ್ಳರು ಹನ್ನೊಂದ ಕುರಿ ಗಾಡ್ಯಾಗ ತುಂಬಕೊಂಡು ಹೋದಾಗ ಇದರಾಗ ಗಾಡಿ ಫೋಟೋ ಹೊಡದದ್ದಕ್ಕ ಏಳು ತಿರುಗಿ ಸಿಕ್ಕುವು. ಫೋನ್ ಬಿಟ್ಟು ಹ್ಯಾಂಗ ಹೋಗ್ಲಿ?"

"ಮತ್ತ ನನ್ನ ಸೀಟ್?"

"ಮೆಸೇಜ್ ಬಂದ್ರ ಹೇಳ್ತೀನಿ. ದಿನಾ ಫೋನ್ ಮಾಡ್ತೀನಿ."

ಹೇಳಿದಂಗ ದಿನಾ ಮಾಡಿದ್ರು. ನದಿ ದಂಡಿ ಹೊಲದಾಗ ರೇಂಜ್ ಇರಂಗಿಲ್ಲ, ಸಂಜಿಗೆ ಏರಿ ಮ್ಯಾಲ ಹತ್ತಿ ಮಾಡೋರು. ಪ್ರಣಿತಾ ದಿನಾ ಒಂದ ಕೇಳಾಕಿ.

"ಅಪ್ಪಾ, ಮೆಸೇಜ್ ಬಂದೈತೇನು?"

"ಇಲ್ಲವ್ವಾ. ಕಂಪನಿದ ಬಂದಾವ ಹತ್ತ-ಹನ್ನೆರಡು. ರಿಚಾರ್ಜ್ ಮಾಡ್ರಿ, ಸಾಲಾ ತಗೋರಿ ಅಂತ."

ಅವರಿಗೆ ಮರಾಠಿ ಓದಾಕ ಬರ್ತೈತಿ, ಇಂಗ್ಲಿಷ್ ಅಕ್ಷರ ಬರಂಗಿಲ್ಲ. ಇಂಗ್ಲಿಷಿನ್ಯಾಗ ಬಂದದ್ದೆಲ್ಲಾ ಕಂಪನಿದು ಅಂತ ಅವ್ರು ತಿಳಕೊಂಡಿದ್ರು.

ಆಕಾಶಗ ಫೋನ್ ಮಾಡಿದ್ವಿ. ಅಂವ ತನ್ನ ಫೋನಿನ್ಯಾಗ ನೋಡಾಕ ಹೋದ್ರ, ಅದು ಅಪ್ಪನ ನಂಬರಿಗೆ ಓಟಿಪಿ ಕಳಸ್ತೈತಿ, ಅದನ್ನ ಹೇಳದ ಒಳಗ ಬಿಡಂಗಿಲ್ಲ ಅಂದ. "ಅಂಗಡ್ಯಾಗ ದೀಪಾವಳಿ ಗಿರಾಕಿ, ಸಾವಕಾರ ನೀರ ಕುಡಿಯಾಕೂ ಬಿಡವಲ್ರು. ಇದಕ್ಕ ಅವ್ವಾ ಸಿಮ್ ಇದ್ದದ್ದ ತಗೋ ಅಂದಿದ್ದೆ," ಅಂದ. ನಾ ಫೋನ್ ಇಟ್ಟೆ.

ಟ್ಯಾಬ್ ಗೂಟಕ್ಕ ಹಾಕಿದ ಚೀಲದಾಗ ಇತ್ತು. ಕಾರ್ಡಿನ್ಯಾಗ ತುಂಬಿದ ಹಾಡಿಗೆ ನೆಟ್ ಬ್ಯಾಡಲ್ಲ, ಮಾವಾರು ಮಾತ್ರ ದಿನಾ ತಗಸಿ ಹಚ್ಚಸಕೊಂತಿದ್ರು.

"ಅಕ್ಕಲಕೋಟಕ್ಕ ಹೋಗಿ ನೋಡಕೊಂಡ ಬರ್ತೀನಿ ಅವ್ವಾ," ಅಂದ್ಳು ಒಂದ ದಿನ. ಅವತ್ತು ಅತ್ತೆರಿಗೆ ಜ್ವರ ಬಂದು ಹುಣ್ಣು ಬಾತಿತ್ತು. ಅವರನ್ನ ದವಾಖಾನಿಗೆ ಒಯ್ದವಳೂ ಆಕೀನ. ಮೂರ ದಿನ ಆಯಿ ಕಾಲ ಮುಂದಿಂದ ಏಳ್ಲಿಲ್ಲ.

ಮೂರನೇ ದಿನ ಮಧ್ಯಾಹ್ನ ಆಕಿ ಕೂಡ ಕಲ್ತು ತಾನೂ ಫಾರ್ಮ್ ತುಂಬಿದ್ದ ಉಜ್ವಲಾ ಓಡಕೋತ ಬಂದ್ಳು.

"ಪ್ರಣಿತಾ! ಅಗ, ನಿನ್ನ ಹೆಸರು ಬಂದೈತಿ! ಸೋಲಾಪುರದ್ದ ಕಾಲೇಜು! ನೀ ಇನ್ನಾ ಒಪ್ಪಿಗಿ ಕೊಟ್ಟಿಲ್ಲೇನು? ಇವತ್ತ ಐದಕ್ಕ ಬಂದ್ ಆಗ್ತೈತಲ್ಲ!"

*

ನಾವು ಸೆಂಟರ್ ಮುಟ್ಟಿದಾಗ ನಾಕ ಹೊಡಿಯಾಕ ಐದ ಮಿಂಟ ಇತ್ತು. ಬಸ್ ತಪ್ಪಿ, ಒಂದ ಟಮಟಮಿನ್ಯಾಗ ಈರುಳ್ಳಿ ಚೀಲದ ಮ್ಯಾಲ ಕುಂತು ಬಂದಿದ್ವಿ. ನನ್ನ ಕಾಲಾಗ ಚಪ್ಪಲಿ ಇದ್ದಿಲ್ಲ, ಅದೂ ಅಲ್ಲಿ ಹೋದ ಮ್ಯಾಲ ಗೊತ್ತಾತು.

ಅಮೋಗಸಿದ್ಧ ಇದ್ದ ಗಿರಾಕಿ ಬಿಟ್ಟು ನಮ್ಮದು ತಗದ. "ಓಟಿಪಿ ಹೋಗೈತಿ. ಅಂಬಾದಾಸಣ್ಣಗ ಫೋನ್ ಹಚ್ರಿ."

ಹಚ್ಚಿದ್ವಿ. ಫೋನಿನ್ಯಾಗ ಕಂಪನಿಯ ಆ ಹೆಣಮಗಳು ಮರಾಠಿಯೊಳಗ ನಂಬರ್ ರೇಂಜಿನ ಹೊರಗ ಐತಿ ಅಂದ್ಳು. ಮತ್ತ ಹಚ್ಚಿದ್ವಿ. ಅದ ಹೆಣಮಗಳು. ಅಮೋಗಸಿದ್ಧ ಮತ್ತೊಂದ ಓಟಿಪಿ ಕಳಿಸಿದ. ಮತ್ತೊಂದು. ನಾಕೂ ಹತ್ತಾತು, ನಾಕೂ ಇಪ್ಪತ್ತಾತು.

"ಅಪ್ಪ ಈಗ ಎಲ್ಲಿ ಕುರಿ ತರಬ್ಯಾನ?" ಅಂತ ಕೇಳಿದ್ಳು ಪ್ರಣಿತಾ.

"ಭಂಡಾರಕವಠೆ ಶಿವಾರದಾಗ. ಸಿದ್ಧರಾಮಣ್ಣನ ಹೊಲದ ಆಚೆ ಕಡೆ."

ಆಕಿ ನನ್ನ ಕೈಯಾಗಿನ ಫೋನ್ ಕಸಕೊಂಡು, ಅದರಾಗಿದ್ದ ಸಿದ್ಧರಾಮಣ್ಣನ ಮನಿ ನಂಬರ್ ಒತ್ತಿದ್ಳು. ಎತ್ತಿದಾವ ಯೋಗಿರಾಜ.

"ನಾ ಪ್ರಣಿತಾ, ಕರಜಗಿದು. ನಮ್ಮ ಅಪ್ಪಾನ್ನ ರೇಂಜ್ ಇದ್ದಲ್ಲಿ ಕರಕೊಂಡು ಬರ್ರಿ. ಈಗಿಂದೀಗ. ನನ್ನ ನರ್ಸಿಂಗ್ ಸೀಟ್ ಬಂದೈತಿ, ಐದರ ತನಕ ಟೈಮ್ ಐತಿ."

ಅವನ ಕೂಡ ಆಕಿ ಮಾತಾಡಿದ್ದು ಅದ ಮೊದಲು. ಸೀಟ್ ಸಿಕ್ಕರ ಅಂವಗ ಹುಡುಗಿ ಸಿಗಂಗಿಲ್ಲ, ಅದು ಅಂವಗ ಗೊತ್ತಿತ್ತು. "ಹೊಂಟೆ," ಅಂದ. ಆಮ್ಯಾಲ ಗಾಡಿ ಚಾಲೂ ಆದ ಸಪ್ಪಳ ಕೇಳಿತು.

ನಾಕೂ ನಲವತ್ತಾರಕ್ಕ ನಮ್ಮ ಮನಿಯವ್ರ ಫೋನ್ ಬಂತು. ಗಾಳಿ ಹೊಡಿಯಾಕತ್ತಿತ್ತು, ಅವರ ಉಸರೂ ಹೊಡಿಯಾಕತ್ತಿತ್ತು.

"ಪ್ರಣೀ, ಏನವ್ವಾ?"

"ಅಪ್ಪಾ, ಮೆಸೇಜ್ ತಗಿ. ಆರು ಅಂಕಿ ಇರ್ತಾವ, ಅದನ್ನ ಓದು."

"ಒಮ್ಮೆಲೆ ಬಂದು ಬಿದ್ದಾವವ್ವಾ, ಐದಾರು. ಯಾವುದು ಓದ್ಲಿ?"

"ಕಡೀದು ಓದಪ್ಪಾ."

ಅವ್ರು ಓದಿದ್ರು, ಒಂದೊಂದ ಅಂಕಿ ಬಿಡಿಸಿ, ಕುರಿ ಎಣಿಸಿದಂಗ. ಅಮೋಗಸಿದ್ಧ ಒತ್ತಿದ. ಕೆಂಪು ಅಕ್ಷರ ಬಂತು. ತಪ್ಪು. ಅವರ ಲೆಕ್ಕದಾಗ ಕಡೀದು ಅಂದ್ರ ಎಲ್ಲಕ್ಕಿಂತ ಕೆಳಗಿಂದು. ಮೆಸೇಜಿನ ಪಟ್ಟಿಯೊಳಗ ಹೊಸಾದು ಮ್ಯಾಲ ಇರ್ತೈತಿ ಅಂತ ಅವರಿಗೆ ಯಾರು ಹೇಳಬೇಕು?

"ಬ್ಯಾರೇದು ಓದಪ್ಪಾ, ಬ್ಯಾರೇದು!"

ಗಡಿಬಿಡ್ಯಾಗ ಅವ್ರು ಅದರ ಮ್ಯಾಲಿಂದು ಓದಿದ್ರು. ತಪ್ಪು. ಅದರ ಮ್ಯಾಲಿಂದು ಓದಿದ್ರು. ತಪ್ಪು. ಪಡದೆ ಮ್ಯಾಲ ಉದ್ದಕ ಏನೋ ಬರದದ್ದು ಬಂತು. ಪ್ರಣಿತಾ ಬಗ್ಗಿ ಅದನ್ನ ಎರಡ ಸಲ ಓದಿದ್ಳು.

"ಏನಂತೈತಿ?" ಅಂದೆ ನಾ.

"ಮೂರ ಸಲ ತಪ್ಪಾತು," ಅಂದ ಅಮೋಗಸಿದ್ಧ. "ಅರ್ಧಾ ತಾಸು ಬಾಗಲಾ ಹಾಕ್ಯಾರ, ಅಕ್ಕಾ."

ಗ್ವಾಡಿ ಮ್ಯಾಲಿನ ಗಡಿಯಾರದಾಗ ಐದಕ್ಕ ಒಂಬತ್ತ ಮಿಂಟ ಕಮ್ಮಿ ಇತ್ತು. ಫೋನಿನ್ಯಾಗ ಅವ್ರು ಇನ್ನೂ ಒದರಾಕತ್ತಿದ್ರು. "ಪ್ರಣೀ, ಆತೇನವ್ವಾ? ಇನ್ನೂ ಎರಡ ಅದಾವ, ಓದ್ಲೇನು? ಪ್ರಣೀ?"

ಮರುದಿನ ಸೋಲಾಪುರಕ್ಕ ಹೋಗಿ ಕಾಲೇಜಿನ್ಯಾಗ ಕೈಮುಗದು ಕೇಳಿದ್ವಿ. ಕಿಡಕ್ಯಾಗ ಕುಂತ ಹೆಣಮಗಳು ಮರಾಠಿಯೊಳಗ ಮೆತ್ತಗ ಹೇಳಿದ್ಳು: ನಮ್ಮ ಕೈಯಾಗ ಏನೂ ಇಲ್ಲ, ಬರೂ ವರ್ಷ ನೋಡ್ರಿ.

*

ಬರೂ ವರ್ಷ! ಅವತ್ತು ನಾ ಅತ್ತೆರ ಕಾಲ ಹಿಡದೆ. ಹುಣ್ಣಿದ್ದ ಕಾಲ ಅಲ್ಲ, ಇನ್ನೊಂದು.

"ಒಂದ ವರ್ಷ ತಡೀರಿ ಅತ್ತೆರ. ಆಕಿ ತಪ್ಪೇನಿಲ್ಲ. ಸೀಟ್ ಬಂದಿತ್ತು. ಬೀರಪ್ಪ ಕೊಟ್ಟಿದ್ದ, ನಮಗ ತಗೊಳ್ಳಾಕ ಬರ್ಲಿಲ್ಲ."

ಅತ್ತೆರ ಕಣ್ಣಾಗೂ ನೀರಿತ್ತು, ಸುಳ್ಳ ಯಾಕ ಹೇಳ್ಲಿ.

"ನಾ ಬಾಯಿ ಮಾತ ಕೊಟ್ಟಿದ್ರ ನುಂಗತಿದ್ದೆ ಛಾಯಾ," ಅಂದ್ರು. "ಭಂಡಾರ ಎತ್ತೀನಿ. ಕೈಯಾಗ ಸೀಟ್ ಇಲ್ಲ. ಮೊಮ್ಮಗಳ ಸಂಬಂಧ ದೇವ್ರಿಗೆ ಸುಳ್ಳಾಡಿದ್ರ ಅದು ಆಕಿಗೇ ಬಡೀತೈತಿ."

ಅವತ್ತಿಂದ ಮಾವಾರು ಹಾಡು ಹಚ್ಚು ಅನ್ನೂದು ಬಿಟ್ಟಾರ.

ಪ್ರಣಿತಾ ಅಳಲಿಲ್ಲ. ಅತ್ತಿದ್ರ ಚಲೋ ಇತ್ತು. ಮುಂಜಾನೆ ಎದ್ದು ಆಯಿ ಹುಣ್ಣು ತೊಳದ್ಳು, ಪಟ್ಟಿ ಸುತ್ತಿದ್ಳು. "ನಾ ಹೋದ ಮ್ಯಾಲ ಅವ್ವನ ಕಡೆ ಕಟ್ಟಿಸಿಕೋರಿ ಆಯಿ. ಬಿಗಿ ಕಟ್ಟಿದ್ರ ಹೇಳ್ರಿ, ಸುಮ್ಮನ ಇರಬ್ಯಾಡ್ರಿ," ಅಂದ್ಳು. ಅತ್ತೆರು ಮಾರಿ ಆಚೆ ಹೊಳ್ಳಿಸಿದ್ರು.

ತುಳಸಿ ಲಗ್ನ ಆಗಿ ನಾಕನೇ ದಿನಕ್ಕ ಸಾಕರಪುಡಾ, ಅಂದ್ರ ನಿಶ್ಚಯ, ಇಟ್ಟರು. ಹಿಂದಿನ ದಿನ ಸಂಜಿಗೆ ನಮ್ಮ ಮನಿಯವ್ರು ಹಿಂಡು ಮಂದಿ ಕೈಯಾಗ ಬಿಟ್ಟು ಬಂದ್ರು. ನಾನೂ ಪ್ರಣಿತಾನೂ ನಾಳಿ ಮಂದಿಗೆ ಅಂತ ರೊಟ್ಟಿ ಮಾಡಾಕತ್ತಿದ್ವಿ, ಆಕಿ ತಟ್ಟಾಕಿ, ನಾ ಬೇಯಿಸಾಕಿ. ಅವ್ರು ನೀರ ಸೈತ ಕೇಳದ ಒಲಿ ಮುಂದ ಬಂದು ಕುಂತ್ರು.

"ಪ್ರಣೀ, ನಿನ್ನ ಟ್ಯಾಬ್ ತಾ."

ಆಕಿ ಕೈ ಒರಸಿಕೊಂಡು ಚೀಲದಾಗಿಂದ ತಂದು ಕೊಟ್ಟಳು. ಅವ್ರು ಅಂಗಿ ಕಿಸೆದಾಗಿಂದ ಒಂದ ಸಣ್ಣ ಪಾಕೀಟ ತಗದ್ರು.

"ಸಿಮ್ ಐತಿ. ನಿನ್ನ ಹೆಸರಲೆ ಮಾಡ್ಸೀನಿ. ನಿನ್ನ ಕಾಗದ ಎಲ್ಲಾ ಆಕಾಶ ಕಳಿಸಿದ. ಎರಡ ಮರಿ ಮಾರಿ ಒಂದ ವರ್ಷದ್ದ ನೆಟ್ ಒಮ್ಮೆಲೆ ಹಾಕ್ಸೀನಿ. ಯೋಗಿರಾಜನ ಕೂಡ ಮಾತಾಡೀನಿ. ಲಗ್ನ ಆದ ಮ್ಯಾಲ ಬರೂ ವರ್ಷ ಮತ್ತ ಫಾರ್ಮ್ ತುಂಬ್ಲಿ, ನಾ ಬ್ಯಾಡ ಅನ್ನಂಗಿಲ್ಲ ಅಂದಾನ. ಇನ್ನ ನೀ ಯಾರ ಕಿಸೆನೂ ನೋಡೂದು ಬ್ಯಾಡ. ಮೆಸೇಜ್ ನಿನ್ನ ಕೈಯಾಗ ಬರ್ತೈತಿ."

ಅತ್ತೆರು ಜಗಲಿ ಕಡೆಯಿಂದ ಇದೆಲ್ಲಾ ಕೇಳಿದ್ರು. ಸಿಮ್ ಬ್ಯಾಡ ಅನ್ಲಿಲ್ಲ.

ಅವ್ರು ಟ್ಯಾಬ್ ಬೆಳಕಿಗೆ ಹಿಡದು ಅಂಚಿನ ಗುಂಟ ಉಗುರು ಆಡಿಸಿದ್ರು. ಒಂದ ಕಡೆ ಸಣ್ಣ ಬಾಗಲಾ ತಗೀತು. ಅದರಾಗಿಂದ ಮಾವಾರ ಹಾಡಿನ ಕಾರ್ಡ್ ಹೊರಗ ಬಂತು. ಅದನ್ನ ತೊಡಿ ಮ್ಯಾಲ ಇಟ್ಟು, ಆ ಜಾಗಾದಾಗ ಸಿಮ್ ಒತ್ತಾಕತ್ತಿದ್ರು. ಅದು ಕುಂದರ್ಲಿಲ್ಲ. ಹೊಳ್ಳಿಸಿ ಒತ್ತಿದ್ರು. ಕುಂದರ್ಲಿಲ್ಲ.

"ಅಪ್ಪಾ," ಅಂದ್ಳು ಪ್ರಣಿತಾ, "ಅದು ಹಾಡಿನ ಕಾರ್ಡಿನ ಜಾಗಾ. ಇದಕ್ಕ ಸಿಮ್ ಹಾಕೂ ಜಾಗಾ ಇಲ್ಲ."

"ಇಲ್ಲ ಅಂದ್ರ?"

"ಇಲ್ಲಪ್ಪಾ. ಮಾಡಿದವ್ರ ಇಟ್ಟಿಲ್ಲ."

ಅವ್ರು ಇನ್ನೊಮ್ಮೆ ಸುತ್ತೂ ಕಡೆ ನೋಡಿದ್ರು. ನಾ ಅವರಿಗೆ ಆಷಾಢದಾಗ ಬರೇ "ಅಗ್ಗ ಸಿಕ್ಕಿತು" ಅಂತ ಹೇಳಿದ್ದೆ. ಬ್ಯಾರೆ ಏನೂ ಹೇಳಿದ್ದಿಲ್ಲ.

"ಮತ್ತ ಇಂಥಾದ್ಯಾಕ ತಂದ್ರಿ? ಅಂಗಡ್ಯಾಗ ಯಾರೂ ಕೇಳ್ಲಿಲ್ಲೇನು? ಸಿಮ್ ಇದ್ದದ್ದು ಇದ್ದಿಲ್ಲೇನು ಅಲ್ಲಿ?"

ಪ್ರಣಿತಾ ನನ್ನ ಕಡೆ ನೋಡ್ಲಿಲ್ಲ. ತಲಿ ತಗ್ಗಿಸಿ ಹಿಟ್ಟು ನಾದಾಕತ್ತಿದ್ಳು. ಆಯಿ ಬ್ಯಾಡ ಅಂದ್ಳು ಅಂತ ನಾ ಅನ್ನಬಹುದಿತ್ತು. ಅಂದಿದ್ರ ಯಾರೂ ಇಲ್ಲ ಅಂತಿದ್ದಿಲ್ಲ.

"ಇತ್ರಿ," ಅಂದೆ. "ಅಲ್ಲೇ ಮುಂದ ಇಟ್ಟಿದ್ರು. ಆಕಾಶ ಬೇಕಂದ, ಈಕೀನೂ ಬೇಕಂದ್ಳು. ಸಿಮ್ ಬ್ಯಾಡ ಅಂದಾಕಿ ನಾನ."

ಅವ್ರು ಬೈಲಿಲ್ಲ. ಬೈತಾರ ಅಂತ ನಾ ಕಾದು ಕುಂತೆ.

"ಅವ್ವಾ," ಅಂದ್ಳು ಪ್ರಣಿತಾ ತಲಿ ಎತ್ತದ, "ರೊಟ್ಟಿ ಹತ್ತಾಕತ್ತೈತಿ, ಹೊಳ್ಳಿಸು."

ನಾ ಹೊಳ್ಳಿಸಿದೆ. ಒಂದ ಬಾಜು ಪೂರ್ತಿ ಕರ್ರಗಾಗಿತ್ತು. ಮಂದಿಗೆ ಹಾಕಾಕ ಬರೂದಿಲ್ಲ ಅಂತ ಅದನ್ನ ತಗದು ನನ್ನ ತಾಟಿನ್ಯಾಗ ಇಟ್ಟುಕೊಂಡೆ.

ಆ ಸಿಮ್ ಈಗ ದೇವರ ಜಗಲಿ ಮ್ಯಾಲ, ಭಂಡಾರದ ಬಟ್ಟಲದ ಬಾಜೂಕ ಐತಿ. ಒಂದ ವರ್ಷದ್ದ ನೆಟ್ ಅದರಾಗ ಐತಿ. ಲಗ್ನಕ್ಕ ಇನ್ನ ಹದಿನೆಂಟ ದಿನ.